ಹಳೆಯ ಕಾರಿನ ಬ್ರೇಕ್ ಕ್ಯಾಲಿಪರ್: ರಿಪೇರಿಯೋ, ಸ್ಲೀವೋ, ಬದಲಾವಣೆಯೋ?

ಹಳೆಯ ಕಾರಿನ ಬ್ರೇಕ್ ಬಗ್ಗೆ ಮಾತು ಶುರುವಾದರೆ ಅದು ಬೇಗ ಪಿಸ್ಟನ್ ಎಣಿಕೆಗೆ ಬಂದು ನಿಲ್ಲುತ್ತದೆ. ಎರಡು ಪಿಸ್ಟನ್ನಿನದೋ, ನಾಲ್ಕರದೋ? ಚಕ್ರದ ಜೊತೆ ತಿರುಗುವ ಡಿಸ್ಕನ್ನು ಎರಡು ಪ್ಯಾಡ್‌ಗಳ ನಡುವೆ ಹಿಡಿಯುವ ಭಾಗವೇ ಕ್ಯಾಲಿಪರ್; ಎಣ್ಣೆಯ ಒತ್ತಡಕ್ಕೆ ಪ್ಯಾಡನ್ನು ತಳ್ಳುವುದು ಪಿಸ್ಟನ್, ಅದು ಜಾರುವ ರಂಧ್ರ ಬೋರ್. ಕ್ಯಾಲಿಪರ್ ಆರಿಸುವವರಿಗೆ ಈ ಎಣಿಕೆಯಿಂದ ತಿಳಿಯುವುದು ಕಡಿಮೆ. ಮೊದಲ ಸರಣಿಯ ಜಾಗ್ವಾರ್ ಎಕ್ಸ್‌ಜೆ6ನ ಮುಂದಿನ ಕ್ಯಾಲಿಪರ್‌ನಲ್ಲಿ ಮೂರು ಪಿಸ್ಟನ್‌ಗಳಿದ್ದವು: ಒಂದು ಬದಿಯಲ್ಲಿ ದೊಡ್ಡದೊಂದು, ಇನ್ನೊಂದು ಬದಿಯಲ್ಲಿ ಸಣ್ಣವೆರಡು. ಅದು ಎರಡರದಕ್ಕಿಂತ ಮೇಲೂ ಅಲ್ಲ, ನಾಲ್ಕರದಕ್ಕಿಂತ ಕೀಳೂ ಅಲ್ಲ. ನಿಜವಾಗಿ ಕೇಳಬೇಕಾದದ್ದು ಎರಡೇ ಪ್ರಶ್ನೆ. ಸೀಲ್ ಎಲ್ಲಿ ಕೂತಿದೆ, ಪಿಸ್ಟನ್ ಮೇಲೋ ಬೋರ್‌ನ ಗಾಡಿಯಲ್ಲೋ (ಗೋಡೆಯಲ್ಲಿ ಕೊರೆದ ತೋಡಿನಲ್ಲೋ)? ಡಿಸ್ಕಿನ ಎರಡೂ ಮುಖಕ್ಕೆ ಸಮನಾದ ಒತ್ತಡ ಹೇಗೆ ಬರುತ್ತಿದೆ, ಎರಡೂ ಕಡೆ ಪಿಸ್ಟನ್ ಇಟ್ಟೋ ಇಡೀ ಕ್ಯಾಲಿಪರನ್ನೇ ಜಾರಿಸಿಯೋ? ಈ ಎರಡಕ್ಕೆ ಉತ್ತರ ಸಿಕ್ಕರೆ ರಿಪೇರಿ ಮಾಡಬೇಕೆ, ಸ್ಲೀವ್ (ಬೋರ್‌ಗೆ ಹೊಸ ಒಳಕೊಳವೆ) ಹಾಕಿಸಬೇಕೆ, ಎಸೆಯಬೇಕೆ ಎಂಬುದು ಮುಕ್ಕಾಲುಪಾಲು ತೀರ್ಮಾನವಾದಂತೆ.

ಮೊದಲು ತಪ್ಪು ಕ್ಯಾಲಿಪರ್‌ನದೇ ಎಂದು ಖಚಿತ ಮಾಡಿಕೊಳ್ಳಿ

ಬ್ರೇಕ್ ಒತ್ತಿದರೆ ಕಾರು ಒಂದು ಕಡೆಗೆ ಎಳೆಯುತ್ತದೆ, ಬಿಟ್ಟ ಮೇಲೂ ಚಕ್ರ ಹಿಡಿದುಕೊಂಡೇ ಇರುತ್ತದೆ. ಕ್ಯಾಲಿಪರ್ ಜಾಮ್ ಎಂದು ತೀರ್ಮಾನಿಸಿ ಬಿಚ್ಚುವುದು ಸಾಮಾನ್ಯ. ಎಷ್ಟೋ ಸಲ ತಪ್ಪು ಅದರ ಹಿಂದಿನ ರಬ್ಬರ್ ಹೋಸ್‌ನದು. ಹಳೆಯ ಹೋಸ್ ಹೊರಗೆ ಚೆನ್ನಾಗಿಯೇ ಕಾಣುತ್ತದೆ. ಒಳಪದರ ಊದಿಕೊಂಡು ದಾರಿ ಕಿರಿದಾಗಿರುತ್ತದೆ. ಕಾಲಿನ ಬಲಕ್ಕೆ ಎಣ್ಣೆ ಆ ಕಡೆ ಹೋಗುತ್ತದೆ, ವಾಪಸ್ ಬರಲು ಅಷ್ಟು ಬಲವಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಹೋಸ್ ತಪ್ಪಿಗೆ ಕ್ಯಾಲಿಪರ್ ಬದಲಾಗುತ್ತದೆ.

ಪರೀಕ್ಷೆಗೆ ಐದು ನಿಮಿಷ ಸಾಕು. ಚಕ್ರ ಎತ್ತಿ, ಬ್ರೇಕ್ ಒತ್ತಿ ಬಿಟ್ಟು, ಹಿಡಿದುಕೊಂಡ ಸ್ಥಿತಿಯಲ್ಲೇ ಹೋಸ್‌ಗೆ ಮುಂಚಿನ ಲೋಹದ ಪೈಪಿನ ಜಾಯಿಂಟ್ ಸಡಿಲಿಸಿ. ಚಕ್ರ ಬಿಟ್ಟುಕೊಂಡರೆ ಪೆಡಲ್ ಒತ್ತಿದಾಗ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರ್ ಕಡೆ ನೋಡಿ. ಪೆಡಲ್‌ಗೆ ಆಟವಿಲ್ಲದೆ ಅದರ ವಾಪಸಾತಿ ರಂಧ್ರ ಮುಚ್ಚಿರಬಹುದು. ಬಿಡಲಿಲ್ಲವೇ? ಜಾಯಿಂಟ್ ಬಿಗಿದು ಕ್ಯಾಲಿಪರ್‌ನ ಬ್ಲೀಡ್ ನಿಪ್ಪಲ್ (ಎಣ್ಣೆಯೊಳಗಿನ ಗಾಳಿ ತೆಗೆಯುವ ತಿರುಪು) ತೆರೆಯಿರಿ. ಈಗ ಬಿಟ್ಟರೆ ಹೋಸ್ ಕೆಟ್ಟಿದೆ. ಆಗಲೂ ಬಿಡದಿದ್ದರೆ ಮಾತ್ರ ಕ್ಯಾಲಿಪರ್ ಬಿಚ್ಚಿ.

ಸೀಲ್ ಪಿಸ್ಟನ್ ಮೇಲಿರುವ ಬಗೆ: ಡನ್‌ಲಪ್, ಕಾರ್ವೆಟ್

ಡಿಸ್ಕ್ ಬ್ರೇಕಿಗೆ ಹೆಸರು ತಂದದ್ದು ರೇಸ್. 1953ರಲ್ಲಿ ಲೆ ಮಾನ್ಸ್ ಗೆದ್ದ ಜಾಗ್ವಾರ್ ಸಿ-ಟೈಪ್‌ನಲ್ಲಿದ್ದದ್ದು ಡನ್‌ಲಪ್ ಡಿಸ್ಕ್‌ಗಳು. ಅದೇ ಮನೆತನದ ಕ್ಯಾಲಿಪರ್ 1957ರ ಎಕ್ಸ್‌ಕೆ150, 1958ರ ಎಂಜಿಎ ಟ್ವಿನ್ ಕ್ಯಾಮ್, 1961ರ ಇ-ಟೈಪ್‌ಗಳಿಗೆ ಬಂತು. ಇದನ್ನು ಗುರುತಿಸುವುದು ಸುಲಭ. ಕ್ಯಾಲಿಪರ್ ದೇಹಕ್ಕೆ ಎರಡು ಸಿಲಿಂಡರ್‌ಗಳನ್ನು ಹೊರಗಿನಿಂದ ಬೋಲ್ಟ್ ಮಾಡಿರುತ್ತಾರೆ, ಒಂದರಿಂದ ಇನ್ನೊಂದಕ್ಕೆ ಎಣ್ಣೆ ಹೋಗಲು ಸಣ್ಣ ಲೋಹದ ಪೈಪ್ ಇರುತ್ತದೆ.

ಇದರಲ್ಲಿ ಸೀಲ್ ಪಿಸ್ಟನ್‌ಗೆ ಅಂಟಿಕೊಂಡು ಅದರ ಜೊತೆಯಲ್ಲೇ ಚಲಿಸುತ್ತದೆ. ಹಾಗಾಗಿ ಸೀಲ್ ಉಜ್ಜುವುದು ಬೋರ್‌ನ ಗೋಡೆಯನ್ನು. ಗೋಡೆಯಲ್ಲಿ ತುಕ್ಕಿನ ಒಂದೇ ಗುಳಿ ಇದ್ದರೂ ಸೋರುತ್ತದೆ. ಹೊಸ ಸೀಲ್ ಹಾಕಿ ಪ್ರಯೋಜನವಿಲ್ಲ. ಪಿಸ್ಟನ್ ಹಿಂದಕ್ಕೆ ಸರಿಯಲು ಸಿಲಿಂಡರಿನ ತಳದಲ್ಲೊಂದು ಪಿನ್ ಇದೆ, ಪಿಸ್ಟನ್ ಒಳಗಿನ ಬುಷ್ ಅದನ್ನು ಬಿಗಿಯಾಗಿ ಹಿಡಿದಿರುತ್ತದೆ. ಬ್ರೇಕ್ ಬಿಟ್ಟಾಗ ಪ್ಯಾಡ್ ಸುಮಾರು 0.2 ಮಿ.ಮೀ. ಹಿಂದಕ್ಕೆ ಬರುವುದು ಈ ಪಿನ್ನಿನ ದಯೆಯಿಂದ. ಪ್ಯಾಡ್ ಸವೆದಂತೆ ಬುಷ್ ಪಿನ್ ಮೇಲೆ ಮುಂದಕ್ಕೆ ಜಾರಿ ಹೊಸ ಜಾಗದಲ್ಲಿ ಹಿಡಿಯುತ್ತದೆ. ಪಿನ್ ತುಕ್ಕು ಹಿಡಿದರೆ ಪ್ಯಾಡ್ ಉಜ್ಜುತ್ತಲೇ ಇರುತ್ತದೆ. ಬುಷ್ ಸಡಿಲವಾದರೆ ಪಿಸ್ಟನ್ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಪೆಡಲ್ ಆಳಕ್ಕೆ ಹೋಗುತ್ತದೆ.

ಈ ಬಗೆಗೆ ಸ್ಲೀವ್ ಹಾಕಿಸುವುದೇ ಸರಿಯಾದ ದಾರಿ. ಬೋರ್ ಕೊರೆದು ಸ್ಟೇನ್‌ಲೆಸ್ ಸ್ಟೀಲ್ ಅಥವಾ ಹಿತ್ತಾಳೆಯ ಸ್ಲೀವ್ ಕೂರಿಸಿ ಮೂಲ ಅಳತೆಗೆ ಹೋನ್ ಮಾಡಿಸಿದರೆ (ನುಣುಪಾಗಿ ಉಜ್ಜಿಸಿದರೆ) ತುಕ್ಕಿನ ಚಿಂತೆ ಮುಗಿಯಿತು. ಜೋಡಿಸುವಾಗ ಪಿಸ್ಟನ್ನನ್ನು ಪಿನ್ ಮೇಲೆ ನೇರವಾಗಿ, ಪ್ರೆಸ್‌ನಲ್ಲಿ ಇಳಿಸಬೇಕು. ಸುತ್ತಿಗೆಯಲ್ಲಿ ಬಡಿದರೆ ಪಿನ್ ಬಾಗುತ್ತದೆ. ಪ್ಯಾಡ್ ಹಿಂದಿನ ಪ್ಲೇಟ್‌ಗಳನ್ನೂ ನೋಡಿ, ಅವು ಬಾಗಿದ್ದರೆ ಪೆಡಲ್ ಸ್ಪಂಜಿನಂತಾಗುತ್ತದೆ, ಎಷ್ಟು ಗಾಳಿ ತೆಗೆದರೂ ಸರಿಹೋಗುವುದಿಲ್ಲ.

ಕಾರ್ವೆಟ್‌ನದು ಬೇರೆ ಕಥೆ. 1965ರಿಂದ 1982ರವರೆಗಿನ ಕಾರುಗಳಿಗೆ ನಾಲ್ಕೂ ಚಕ್ರದಲ್ಲಿ ನಾಲ್ಕು ಪಿಸ್ಟನ್ನಿನ ಫಿಕ್ಸೆಡ್ (ದೇಹ ಅಲುಗದ) ಕ್ಯಾಲಿಪರ್. ಸೀಲ್ ಇಲ್ಲೂ ಪಿಸ್ಟನ್ ಮೇಲೆಯೇ, ಆದರೆ ತುಟಿಯಿರುವ ಸೀಲ್. ಪಿಸ್ಟನ್ ಹಿಂದೆ ಸ್ಪ್ರಿಂಗ್ ಇದ್ದು ಪ್ಯಾಡನ್ನು ಡಿಸ್ಕಿಗೆ ಸದಾ ಮೆಲ್ಲಗೆ ತಾಗಿಸಿಟ್ಟಿರುತ್ತದೆ. ಡಿಸ್ಕ್ ಓಲಾಡುತ್ತಿದ್ದರೆ ಪಿಸ್ಟನ್ ಪ್ರತಿ ಸುತ್ತಿಗೂ ಒಳಗೆ ಹೊರಗೆ ಆಡುತ್ತದೆ, ತುಟಿ ಸೀಲ್ ಪಂಪ್‌ನಂತೆ ವರ್ತಿಸಿ ಹೊರಗಿನ ಗಾಳಿಯನ್ನು ಒಳಕ್ಕೆ ಎಳೆಯುತ್ತದೆ. ಎಲ್ಲೂ ಎಣ್ಣೆ ಸೋರಿಲ್ಲ, ಆದರೂ ವಾರ ಕಳೆದರೆ ಪೆಡಲ್ ಕೆಳಗಿಳಿದಿರುತ್ತದೆ. ಗಾಳಿ ತೆಗೆದರೆ ಎರಡು ದಿನ ಚೆಂದ, ಮತ್ತೆ ಅದೇ ರಾಗ. ಕಾರ್ಖಾನೆಯಲ್ಲಿ ಡಿಸ್ಕನ್ನು ಹಬ್‌ಗೆ ರಿವೆಟ್ ಹೊಡೆದು ಎರಡನ್ನೂ ಒಟ್ಟಿಗೆ ಲೇತ್‌ನಲ್ಲಿ ತಿರುಗಿಸಿದ್ದು ಈ ಓಲಾಟ ತಪ್ಪಿಸಲೆಂದೇ. ರಿವೆಟ್ ಕೊರೆದು ಹೊಸ ಡಿಸ್ಕ್ ಹಾಕಿದವರು ಓಲಾಟ ಅಳೆಯುವ ಡಯಲ್ ಗೇಜ್ ಇಟ್ಟು ನೋಡಲೇಬೇಕು. ಓಲಾಟ 0.10 ಮಿ.ಮೀ. ದಾಟಿದರೆ ಡಿಸ್ಕನ್ನು ಒಂದೊಂದೇ ಸ್ಟಡ್ ತಿರುಗಿಸಿ ಕೂರಿಸಿ ಮತ್ತೆ ಅಳೆಯಿರಿ. ಈ ಕಾರಿಗೆ ಸ್ಟೇನ್‌ಲೆಸ್ ಸ್ಲೀವ್ ಜೊತೆ ಓ-ರಿಂಗ್ ಸೀಲಿನ ಪಿಸ್ಟನ್‌ಗಳೂ ಸಿಗುತ್ತವೆ. ಅವು ಓಲಾಟವನ್ನು ತುಟಿ ಸೀಲ್‌ಗಿಂತ ಚೆನ್ನಾಗಿ ತಾಳಿಕೊಳ್ಳುತ್ತವೆ. ಬರಿಯ ಸ್ಲೀವ್ ಹಾಕಿಸಿ ಓಲಾಟ ಹಾಗೇ ಬಿಟ್ಟರೆ ಖರ್ಚು ಮಾತ್ರ ಆದಂತೆ.

ಸೀಲ್ ಬೋರ್‌ನ ಗಾಡಿಯಲ್ಲಿರುವ ಬಗೆ: ಗರ್ಲಿಂಗ್, ಲಾಕ್‌ಹೀಡ್, ಎಟಿಇ

ಗರ್ಲಿಂಗ್, ಲಾಕ್‌ಹೀಡ್, ಎಟಿಇ ಮೂರೂ ಬ್ರೇಕ್ ತಯಾರಕರ ಹೆಸರು. 1960ರ ದಶಕದ ಹೆಚ್ಚಿನ ಯುರೋಪಿನ ಕಾರುಗಳು ಈ ಗುಂಪಿನವು. ಚೌಕ ಅಡ್ಡಕೊಯ್ತದ ಸೀಲ್ ಬೋರ್‌ನ ಗಾಡಿಯಲ್ಲಿ ಅಲುಗಾಡದೆ ಕೂತಿರುತ್ತದೆ, ಪಿಸ್ಟನ್ ಅದರೊಳಗೆ ಜಾರುತ್ತದೆ. ಒತ್ತಡ ಬಂದಾಗ ಸೀಲ್ ಪಿಸ್ಟನ್ ಜೊತೆ ಸ್ವಲ್ಪ ವಾಲುತ್ತದೆ. ಒತ್ತಡ ಹೋದಾಗ ನೆಟ್ಟಗಾಗುತ್ತ ಪಿಸ್ಟನ್ನನ್ನು ಸುಮಾರು 0.1 ಮಿ.ಮೀ. ಹಿಂದಕ್ಕೆ ಎಳೆಯುತ್ತದೆ. ಪಿನ್ ಇಲ್ಲ, ಬುಷ್ ಇಲ್ಲ, ಸ್ಪ್ರಿಂಗ್ ಇಲ್ಲ. ವಾಪಸಾತಿಯ ಕೆಲಸವೆಲ್ಲ ಒಂದು ರಬ್ಬರ್ ಉಂಗುರದ್ದೇ.

ಇಲ್ಲಿ ನಯವಾಗಿರಬೇಕಾದದ್ದು ಪಿಸ್ಟನ್. ಬೋರ್‌ನ ಗೋಡೆ ಎಣ್ಣೆಯನ್ನು ತಡೆಯುವುದೇ ಇಲ್ಲ, ಅಲ್ಲಿ ಕೊಂಚ ಗುಳಿ ಇದ್ದರೂ ನಡೆಯುತ್ತದೆ. ಆದ್ದರಿಂದ ಈ ಕ್ಯಾಲಿಪರ್‌ಗಳಿಗೆ ಸ್ಲೀವ್ ಹಾಕಿಸಿ ಎಂದು ಯಾರಾದರೂ ಹೇಳಿದರೆ ಏಕೆ ಎಂದು ಕೇಳಿ. ಹಾಳಾಗಿದ್ದು ಪಿಸ್ಟನ್ ಆದರೆ ಹೊಸ ಪಿಸ್ಟನ್ ಸಾಕು. ಗಾಡಿಯ ಅಂಚೇ ತುಕ್ಕಿಗೆ ಕರಗಿದ್ದರೆ ಆ ದೇಹವನ್ನು ಬದಿಗಿಟ್ಟು ಬೇರೆಯದನ್ನು ಹುಡುಕುವುದೇ ವಾಸಿ.

ಪ್ಯಾಡ್ ಬದಲಿಸಿದ ಕೆಲವೇ ದಿನಕ್ಕೆ ಕ್ಯಾಲಿಪರ್ ಸೋರಲು ಶುರುವಾಗುವ ದೂರು ಬಹಳ. ಪ್ಯಾಡ್ ತಪ್ಪಲ್ಲ ಅದು. ಹಳೆಯ ಪ್ಯಾಡ್ ಸವೆದಂತೆ ಪಿಸ್ಟನ್ ಹೊರಗೆ ಬಂದು ನಿಂತಿತ್ತು, ಪಿಸ್ಟನ್ ಮುಚ್ಚುವ ರಬ್ಬರ್ ಬೂಟ್ ಹರಿದಿದ್ದ ಕಡೆಯಿಂದ ನೀರು ನುಗ್ಗಿ ಹೊರಗಿದ್ದ ಭಾಗದ ಕ್ರೋಮ್ ಗುಳ್ಳೆ ಎದ್ದಿತ್ತು. ದಪ್ಪ ಪ್ಯಾಡ್ ಹಾಕಲು ಪಿಸ್ಟನ್ ಒಳಕ್ಕೆ ಒತ್ತಿದಾಗ ಆ ಗುಳ್ಳೆಯ ಭಾಗ ಸೀದಾ ಸೀಲಿನೊಳಕ್ಕೆ ಹೋಯಿತು. ಹಾಗಾಗಿ ಪ್ಯಾಡ್ ಬದಲಿಸುವ ಮುಂಚೆ ಬೂಟ್ ಸರಿಸಿ ಪಿಸ್ಟನ್ನಿಗೆ ಉಗುರು ಎಳೆದು ನೋಡಿ. ಉಗುರು ತಡೆದರೆ ಪಿಸ್ಟನ್ ಬದಲಿಸಿ. ಸ್ಟೇನ್‌ಲೆಸ್ ಪಿಸ್ಟನ್ ಹಾಕಿದರೆ ಈ ತೊಂದರೆ ಮರಳುವುದಿಲ್ಲ. ಅದು ಸಾಮಾನ್ಯ ಉಕ್ಕಿಗಿಂತ ಶಾಖವನ್ನು ಕಡಿಮೆ ಸಾಗಿಸುತ್ತದೆ, ಎಣ್ಣೆಗೆ ಅದೂ ಒಳ್ಳೆಯದೇ.

ಬಿಚ್ಚುವ ಕ್ರಮದಲ್ಲಿ ಒಂದು ಜಾಣತನವಿದೆ: ಪೈಪ್ ಕಳಚುವ ಮುಂಚೆಯೇ ಪಿಸ್ಟನ್‌ಗಳನ್ನು ಪೆಡಲ್‌ನಿಂದ ಹೊರದೂಡಿಸಿ. ಕ್ಯಾಲಿಪರನ್ನು ಡಿಸ್ಕಿನಿಂದ ತೆಗೆದು, ಪ್ಯಾಡ್ ಕಳಚಿ, ಒಂದು ಪಿಸ್ಟನ್ನನ್ನು ಜಿ-ಕ್ಲಾಂಪ್‌ನಿಂದ ಹಿಡಿದು ಮೆಲ್ಲಗೆ ಪೆಡಲ್ ಒತ್ತಿಸಿ. ಒಂದು ಮುಕ್ಕಾಲು ಹೊರಬಂದ ಕೂಡಲೇ ಅದನ್ನು ತಡೆದು ಇನ್ನೊಂದನ್ನು ತನ್ನಿ. ಒಂದು ಪೂರ್ತಿ ಹೊರಬಿದ್ದರೆ ಒತ್ತಡ ಹೋಯಿತು, ಮತ್ತೊಂದು ಒಳಗೇ ಉಳಿಯಿತು. ಗಾಳಿಯ ಕಂಪ್ರೆಸರ್ ಬಳಸಲೇಬೇಕಾದರೆ ಎರಡು ಪಿಸ್ಟನ್ ನಡುವೆ ಮರದ ತುಂಡಿಟ್ಟು, ಒತ್ತಡ ತೀರಾ ಕಡಿಮೆ ಇಟ್ಟು, ಬೆರಳು ದೂರವಿಡಿ. ಹಳೆಯ ಪ್ಯಾಡಿನ ಧೂಳಿನಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದನ್ನು ಊದಿ ಹಾರಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ.

ಸೀಲ್ ತೆಗೆಯಲು ಪ್ಲಾಸ್ಟಿಕ್ ಅಥವಾ ಹಿತ್ತಾಳೆಯ ಕಡ್ಡಿ ಬಳಸಿ. ಆಮೇಲೆ ಬರುವ ಕೆಲಸವೇ ಮುಖ್ಯ, ಹೆಚ್ಚಿನವರು ಬಿಟ್ಟುಬಿಡುವುದೂ ಅದನ್ನೇ: ಗಾಡಿಯ ತಳದಲ್ಲಿ ಗಟ್ಟಿಯಾಗಿ ಕೂತ ತುಕ್ಕನ್ನು ಕೆರೆದು ತೆಗೆಯುವುದು. ತುಕ್ಕು ಉಳಿದರೆ ಹೊಸ ಸೀಲ್ ಮೇಲಕ್ಕೆ ಎದ್ದು ಪಿಸ್ಟನ್ನನ್ನು ಅವುಚಿಕೊಳ್ಳುತ್ತದೆ, ವಾಲಿ ನೆಟ್ಟಗಾಗಲು ಅದಕ್ಕೆ ಜಾಗವಿರುವುದಿಲ್ಲ. ಎಲ್ಲ ಹೊಸದು ಹಾಕಿದರೂ ಬ್ರೇಕ್ ಹಿಡಿಯುತ್ತದೆ ಎಂಬ ಗೋಳಿನ ಮೂಲ ಸಾಮಾನ್ಯವಾಗಿ ಇಲ್ಲಿಯೇ. ಕೆರೆಯುವಾಗ ಗಾಡಿಯ ಅಂಚು ಮಾತ್ರ ತೇಯಬಾರದು. ಸೀಲ್ ಎಷ್ಟು ವಾಲಬೇಕೆಂದು ನಿರ್ಧರಿಸುವುದು ಆ ಅಂಚಿನ ಆಕಾರವೇ.

ಜೋಡಿಸುವಾಗ ಬ್ರೇಕ್ ಎಣ್ಣೆ ಅಥವಾ ಕೆಂಪು ರಬ್ಬರ್ ಗ್ರೀಸ್ ಮಾತ್ರ. ಮಾಮೂಲಿ ಗ್ರೀಸ್, ಡೀಸೆಲ್, ಪೆಟ್ರೋಲ್ ಸೋಕಿದರೆ ರಬ್ಬರ್ ಊದುತ್ತದೆ. ಪಿಸ್ಟನ್ ಬೆರಳಿನ ಒತ್ತಡಕ್ಕೇ ಇಳಿಯಬೇಕು. ಕ್ಲಾಂಪ್ ಬೇಕೆನಿಸಿದರೆ ಓರೆಯಾಗಿದೆ ಎಂದೇ ಅರ್ಥ. ಹೊರತೆಗೆದು ಮತ್ತೆ ಇಡಿ. ಎಟಿಇ ಪಿಸ್ಟನ್‌ಗಳ ಮುಖದಲ್ಲಿ ಒಂದು ಕಡೆ ಕೆತ್ತಿದ ಮೆಟ್ಟಿಲು ಇರುತ್ತದೆ. ಅದನ್ನು 20 ಡಿಗ್ರಿ ಕೋನದಲ್ಲಿ ನಿಲ್ಲಿಸಬೇಕು, ಇಲ್ಲದಿದ್ದರೆ ಬ್ರೇಕ್ ಕಿರುಚುತ್ತದೆ. ಯಾವ ಕಡೆಗೆ ಎಂಬುದಕ್ಕೆ ಆಯಾ ಕಾರಿನ ವರ್ಕ್‌ಶಾಪ್ ಕೈಪಿಡಿ ನೋಡಿ, ದಪ್ಪ ರಟ್ಟಿನಲ್ಲಿ 20 ಡಿಗ್ರಿಯ ತ್ರಿಕೋನ ಕತ್ತರಿಸಿಕೊಂಡರೆ ಗೇಜ್ ಆಯಿತು.

ಕ್ಯಾಲಿಪರ್‌ನ ಎರಡು ಹೋಳುಗಳನ್ನು ಬೇರ್ಪಡಿಸಬೇಕೆ? ಬೇಡ, ಅಲ್ಲಿ ಸೋರಿಕೆ ಇಲ್ಲದಿದ್ದರೆ. ಬಿಚ್ಚಲೇಬೇಕಾದರೆ ಎಣ್ಣೆಯ ದಾರಿಗೆ ಹೊಸ ಸಣ್ಣ ಸೀಲ್, ಹೊಸ ಬೋಲ್ಟ್, ಕೈಪಿಡಿ ಹೇಳಿದ ಟಾರ್ಕ್ ಮೂರೂ ಕೈಯಲ್ಲಿರಲಿ.

ಫಿಕ್ಸೆಡ್ ಮತ್ತು ಫ್ಲೋಟಿಂಗ್

ಎರಡೂ ಬದಿ ಪಿಸ್ಟನ್ ಇದ್ದು ದೇಹ ಅಲುಗದಿದ್ದರೆ ಫಿಕ್ಸೆಡ್. ಒಂದೇ ಬದಿ ಪಿಸ್ಟನ್ ಇದ್ದು ದೇಹವೇ ಜಾರಿ ಇನ್ನೊಂದು ಪ್ಯಾಡನ್ನು ಎಳೆದುಕೊಂಡರೆ ಫ್ಲೋಟಿಂಗ್. ಮಸ್ಟಾಂಗ್ ಒಳ್ಳೆಯ ಉದಾಹರಣೆ: 1965ರಲ್ಲಿ ಬಂದದ್ದು ಕೆಲ್ಸಿ ಹೇಯ್ಸ್‌ನ ನಾಲ್ಕು ಪಿಸ್ಟನ್ನಿನ ಫಿಕ್ಸೆಡ್, 1968ರಲ್ಲಿ ಅದನ್ನು ಬಿಟ್ಟು ಒಂದೇ ಪಿಸ್ಟನ್ನಿನ ಫ್ಲೋಟಿಂಗ್‌ಗೆ ಹೋದರು. ಹಳೆಯದು ದುಬಾರಿ, ಸೀಲ್‌ಗಳು ಜಾಸ್ತಿ, ಹೊಸದು ಸರಳ. ನಿತ್ಯ ಓಡಿಸುವ 1965ರ ಮಸ್ಟಾಂಗ್‌ಗೆ ನಂತರದ ಫ್ಲೋಟಿಂಗ್ ಹಾಕಿಸಿಕೊಂಡವರನ್ನು ಹಗುರವಾಗಿ ಕಾಣಬೇಕಾಗಿಲ್ಲ.

ಫ್ಲೋಟಿಂಗ್ ಕೆಡುವುದು ಜಾರುವ ಜಾಗದಲ್ಲಿ. ಪಿನ್ ಒಣಗಿದರೆ ಅಥವಾ ತುಕ್ಕು ಹಿಡಿದರೆ ಪಿಸ್ಟನ್ ಕಡೆಯ ಪ್ಯಾಡ್ ಬೇಗ ಸವೆಯುತ್ತದೆ, ಆಚೆಯದು ಹೊಸದರಂತೆಯೇ ಉಳಿಯುತ್ತದೆ. ಎರಡು ಪ್ಯಾಡ್ ಪಕ್ಕಪಕ್ಕ ಇಟ್ಟರೆ ರೋಗ ತಾನೇ ಹೇಳುತ್ತದೆ. ಫಿಕ್ಸೆಡ್‌ನ ದೌರ್ಬಲ್ಯ ಇನ್ನೊಂದು: ಚಕ್ರದ ಬೇರಿಂಗ್‌ನಲ್ಲಿ ಸಡಿಲವಿದ್ದರೆ ತಿರುವಿನಲ್ಲಿ ಡಿಸ್ಕ್ ವಾಲಿ ಪಿಸ್ಟನ್ನನ್ನು ಒಳಕ್ಕೆ ತಳ್ಳುತ್ತದೆ, ತಿರುವು ಮುಗಿದ ಮೇಲಿನ ಮೊದಲ ಒತ್ತು ಆಳಕ್ಕೆ ಹೋಗುತ್ತದೆ. ಎರಡನೆಯ ಒತ್ತಿಗೆ ಎಲ್ಲ ಸರಿ. ಆಗ ಕ್ಯಾಲಿಪರ್ ಮುಟ್ಟಬೇಡಿ, ಬೇರಿಂಗ್ ಸರಿಮಾಡಿ.

ವೋಲ್ವೊ 140 ಮತ್ತು ಬಿಎಂಡಬ್ಲ್ಯು 2002ರ ನಾಲ್ಕು ಪಿಸ್ಟನ್ ಕ್ಯಾಲಿಪರ್‌ಗಳಿಗೆ ಎರಡೆರಡು ಹೋಸ್ ಇರುವುದು ಅಲಂಕಾರಕ್ಕಲ್ಲ. ಒಂದೇ ಕ್ಯಾಲಿಪರ್‌ನಲ್ಲಿ ಎರಡು ಸರ್ಕ್ಯೂಟ್‌ಗಳು (ಬೇರೆಬೇರೆ ಎಣ್ಣೆಯ ದಾರಿಗಳು) ಸೇರುತ್ತವೆ. ಒಂದು ಸೋರಿ ಖಾಲಿಯಾದರೂ ಇನ್ನೊಂದು ಎರಡೂ ಮುಂಚಕ್ರ ಹಿಡಿಯುತ್ತದೆ. ಒಂದೇ ಹೋಸ್‌ನ ಕ್ಯಾಲಿಪರ್ ಹಾಕಿ ಟಿ-ಜಾಯಿಂಟ್‌ನಲ್ಲಿ ಎರಡನ್ನೂ ಕೂಡಿಸಿದರೆ ಆ ಭದ್ರತೆ ಹೋಯಿತು. ಗಾಳಿ ತೆಗೆಯುವಾಗಲೂ ಎಲ್ಲ ನಿಪ್ಪಲ್‌ಗಳನ್ನು ಕೈಪಿಡಿಯ ಕ್ರಮದಲ್ಲಿಯೇ ತೆರೆಯಿರಿ.

ದೊಡ್ಡದು ಹಾಕುವ ಮುಂಚಿನ ಲೆಕ್ಕ

ಗರ್ಲಿಂಗ್‌ನ 16ರ ಬಗೆಯ ಕ್ಯಾಲಿಪರ್‌ಗೆ 54 ಮಿ.ಮೀ. ಬೋರ್. ಒಂದು ಪಿಸ್ಟನ್ನಿನ ವಿಸ್ತೀರ್ಣ ಸುಮಾರು 2290 ಚದರ ಮಿ.ಮೀ., ಎರಡರದು 4580. ಇದರ ಜಾಗಕ್ಕೆ 38 ಮಿ.ಮೀ. ನಾಲ್ಕು ಪಿಸ್ಟನ್ನಿನ ಅಲ್ಯೂಮಿನಿಯಂ ಕ್ಯಾಲಿಪರ್ ತಂದರೆ ಒಟ್ಟು 4536. ಅಂದರೆ ಹಿಡಿತದ ಬಲ ಹೆಚ್ಚುಕಡಿಮೆ ಅಷ್ಟೇ! ಪೆಡಲ್ ಬದಲಾಗದು, ಮಾಸ್ಟರ್ ಸಿಲಿಂಡರ್ ಮುಟ್ಟಬೇಕಿಲ್ಲ. ಸಿಗುವ ಲಾಭ ದೊಡ್ಡ ಪ್ಯಾಡ್, ಕಡಿಮೆ ತೂಕ, ಬೇಕಿದ್ದರೆ ದಪ್ಪ ಡಿಸ್ಕ್. ಅದೇ 41 ಮಿ.ಮೀ. ನಾಲ್ಕಾದರೆ ಒಟ್ಟು 5281, ಶೇ. 15 ಹೆಚ್ಚು. ಅಷ್ಟೇ ಬಲಕ್ಕೆ ಕಾಲು ಹಗುರ, ಆದರೆ ಎಣ್ಣೆ ಶೇ. 15 ಜಾಸ್ತಿ ಬೇಕು, ಪೆಡಲ್ ಅಷ್ಟು ಆಳಕ್ಕೆ ಹೋಗುತ್ತದೆ. ಜೊತೆಗೆ ಮುಂದಿನ ಪಾಲು ಹೆಚ್ಚಿ ಮುಂಚಕ್ರ ಬೇಗ ಲಾಕ್ ಆಗುತ್ತದೆ. ಹಿಂದೆ ದೊಡ್ಡದು ಹಾಕುವುದು ಇನ್ನೂ ಅಪಾಯ: ಒದ್ದೆ ರಸ್ತೆಯಲ್ಲಿ ಹಿಂಚಕ್ರ ಮೊದಲು ಲಾಕ್ ಆದರೆ ಕಾರು ತಿರುಗಿ ನಿಲ್ಲುತ್ತದೆ.

ಫ್ಲೋಟಿಂಗನ್ನು ಫಿಕ್ಸೆಡ್‌ಗೆ ಹೋಲಿಸುವಾಗ ಫಿಕ್ಸೆಡ್‌ನ ಒಂದೇ ಬದಿಯ ಪಿಸ್ಟನ್‌ಗಳನ್ನು ಎಣಿಸಿ. 54 ಮಿ.ಮೀ. ಒಂದು ಪಿಸ್ಟನ್ನಿನ ಫ್ಲೋಟಿಂಗ್, 54 ಮಿ.ಮೀ. ಎರಡು ಪಿಸ್ಟನ್ನಿನ ಫಿಕ್ಸೆಡ್‌ನಷ್ಟೇ ಬಲ ಕೊಡುತ್ತದೆ. ಎಣ್ಣೆಯೂ ಅಷ್ಟೇ ಬೇಕು, ಏಕೆಂದರೆ ಆ ಒಂಟಿ ಪಿಸ್ಟನ್ ಎರಡೂ ಬದಿಯ ಅಂತರವನ್ನು ತಾನೊಬ್ಬನೇ ತುಂಬಬೇಕು.

ಬ್ರೇಕ್ ಮೊದಲಿನಿಂದಲೂ ಸಾಲದು ಎನ್ನುವವರು ಒಳ್ಳೆಯ ಪ್ಯಾಡ್, ಹೊಸ ಹೋಸ್, ಹೊಸ ಎಣ್ಣೆ, ಸ್ವಚ್ಛ ಮಾಡಿದ ಮೂಲ ಕ್ಯಾಲಿಪರ್ ಹಾಕಿ ಓಡಿಸಿ ನೋಡಲಿ. ದೊಡ್ಡ ಕ್ಯಾಲಿಪರ್‌ನ ಅಗತ್ಯ ನಿಜವಾಗಿ ಬರುವುದು ಎಂಜಿನ್ ಬಲ ಹೆಚ್ಚಿಸಿದಾಗ ಅಥವಾ ಘಾಟಿ ಇಳಿಯುವಾಗ ಡಿಸ್ಕ್ ಕಾದು ಹಿಡಿತ ಕಳೆದುಕೊಂಡಾಗ. ಅಲ್ಯೂಮಿನಿಯಂನದಕ್ಕೆ ತನ್ನದೇ ಕಾಯಿಲೆಯಿದೆ: ಪ್ಯಾಡ್ ಜಾರುವ ಉಕ್ಕಿನ ತಗಡಿನ ಕೆಳಗೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಊದುತ್ತದೆ, ತಗಡು ಮೇಲೆದ್ದು ಪ್ಯಾಡನ್ನು ಕಚ್ಚಿಕೊಳ್ಳುತ್ತದೆ. ತೇವದಲ್ಲಿ ನಿಲ್ಲುವ ಕಾರಿಗೆ ಬೀಡು ಕಬ್ಬಿಣವೇ ಮೇಲು.

ಡ್ರಮ್ ಬಿಟ್ಟು ಡಿಸ್ಕಿಗೆ ಬದಲಾಗುವವರಿಗೆ ಒಂದೇ ಮಾತು. ಡ್ರಮ್ಮಿನ ಮಾಸ್ಟರ್ ಸಿಲಿಂಡರಿನಲ್ಲಿ ಸುಮಾರು 10 ಪಿಎಸ್‌ಐ (ಚದರ ಇಂಚಿಗೆ 10 ಪೌಂಡ್) ಒತ್ತಡ ಉಳಿಸುವ ವಾಲ್ವ್ ಇರಬಹುದು, ಡಿಸ್ಕ್‌ನ ಕಡೆ ಅದನ್ನು ತೆಗೆಯದಿದ್ದರೆ ಪ್ಯಾಡ್ ಸದಾ ಉಜ್ಜುತ್ತದೆ.

ಕೂರಿಸುವಾಗ ಎಡವುವ ಜಾಗಗಳು

ಪೈಪಿನ ಮರೆ (ತಿರುಪಿನ ಸುತ್ತು) ಮೊದಲು ನೋಡಿ. ಇಂಚಿನ ಅಳತೆಯ 3/8 ಯುಎನ್‌ಎಫ್ ನಟ್ ಮೆಟ್ರಿಕ್ ಅಳತೆಯ ಎಂ10 ರಂಧ್ರದೊಳಕ್ಕೆ ಸಲೀಸಾಗಿ ಹೋಗುತ್ತದೆ. 9.5 ಮಿ.ಮೀ. ಮತ್ತು 10 ಮಿ.ಮೀ., ಎರಡರ ಮರೆಯ ಅಂತರವೂ ಹತ್ತಿರ ಹತ್ತಿರ. ಬಿಗಿಯಾದಂತೆ ಅನಿಸುತ್ತದೆ, ಜೋರಾಗಿ ಒತ್ತಿದ ದಿನ ಮರೆ ಕಿತ್ತು ಬರುತ್ತದೆ. ಇಂಗ್ಲಿಷ್ ಕಾರುಗಳು ಇಂಚಿನಿಂದ ಮೆಟ್ರಿಕ್‌ಗೆ ಬದಲಾದ ವರ್ಷಗಳ ಕ್ಯಾಲಿಪರ್‌ಗಳಲ್ಲಿ ಇದು ಸಾಮಾನ್ಯ ಅನಾಹುತ. ಮರೆಯ ಗೇಜ್ ಇಟ್ಟೇ ನೋಡಿ.

ಬ್ಲೀಡ್ ನಿಪ್ಪಲ್ ಮೇಲ್ಗಡೆ ಇರಬೇಕು. ಎಡ ಬಲ ಅದಲುಬದಲಾದರೆ ಕ್ಯಾಲಿಪರ್ ಕೂರುತ್ತದೆ, ಗಾಳಿ ಮಾತ್ರ ಹೋಗದು. ದೊಡ್ಡದು ಹಾಕುವಾಗ ಕ್ಯಾಲಿಪರ್‌ನ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿ ಚಕ್ರದೊಳಗೆ ಇಟ್ಟು ನೋಡಿ, ಸುತ್ತಲೂ 3 ಮಿ.ಮೀ. ಅಂತರ ಬೇಕು. ತಂತಿ ಚಕ್ರ ಇದ್ದರೆ ಇನ್ನೂ ಹುಷಾರು. ಒಂದು ಆಕ್ಸಲ್ಲಿನ ಎರಡೂ ಕಡೆ ಒಟ್ಟಿಗೆ ಮಾಡಿ. ಒಂದು ಹೊಸದು ಒಂದು ಹಳೆಯದಾದರೆ ಎತ್ತು ಏರಿಗೆ, ಕೋಣ ನೀರಿಗೆ.

ಎಣ್ಣೆಯ ವಿಷಯದಲ್ಲಿ ಡಾಟ್ 4 (ಬ್ರೇಕ್ ಎಣ್ಣೆಯ ಒಂದು ದರ್ಜೆ) ಹಾಕಿ ಎರಡು ವರ್ಷಕ್ಕೊಮ್ಮೆ ಬದಲಿಸುವುದು ಸಾಕು. ಅದರ ಕುದಿಯುವ ಬಿಂದು ಹೊಸತಿದ್ದಾಗ ಕನಿಷ್ಠ 230 ಡಿಗ್ರಿ, ತೇವ ಹೀರಿದ ಮೇಲೆ 155. ಸಿಲಿಕೋನ್‌ನ ಡಾಟ್ 5 ನೀರು ಹೀರುವುದಿಲ್ಲ, ಬಣ್ಣ ಕೆಡಿಸುವುದಿಲ್ಲ, ಹಾಗಾಗಿ ವರ್ಷಗಟ್ಟಲೆ ನಿಲ್ಲುವ ಕಾರಿಗೆ ಹೊಂದುತ್ತದೆ. ಆದರೆ ಸೀಲ್‌ಗಳೆಲ್ಲ ಹೊಸದಾದ, ಪೂರ್ತಿ ಒಣಗಿಸಿದ ವ್ಯವಸ್ಥೆಗೆ ಮಾತ್ರ. ಡಾಟ್ 4 ಜೊತೆ ಅದು ಬೆರೆಯದು. ಹಸಿರು ಎಲ್‌ಎಚ್‌ಎಂ ಬಳಸುವ ಸಿಟ್ರೋಯೆನ್ ಡಿಎಸ್‌ಗೆ ಇದ್ಯಾವುದೂ ಸಲ್ಲ. ಅದರದು ಖನಿಜ ಎಣ್ಣೆ, ಸೀಲಿನ ರಬ್ಬರೇ ಬೇರೆ.

ಎಲ್ಲ ಮುಗಿದ ಮೇಲೆ ಪೆಡಲನ್ನು ಜೋರಾಗಿ ಒಂದು ನಿಮಿಷ ಒತ್ತಿ ಹಿಡಿದು ಪ್ರತಿ ಜಾಯಿಂಟ್ ಒರೆಸಿ ನೋಡಿ. ಹೊಸ ಪ್ಯಾಡನ್ನು ಖಾಲಿ ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ.ನಿಂದ 15ಕ್ಕೆ, ಹತ್ತು ಸಲ, ನಡುವೆ ತಣಿಯಲು ಬಿಟ್ಟು ಹೊಂದಿಸಿ. ವಾಪಸ್ ಬಂದ ಕೂಡಲೇ ಎರಡೂ ಹಬ್‌ಗಳ ಬಳಿ ಕೈ ಹಿಡಿಯಿರಿ, ಡಿಸ್ಕ್ ಮಾತ್ರ ಮುಟ್ಟಬೇಡಿ. ಒಂದು ಕಡೆಯ ಕಾವು ಹೆಚ್ಚೆಂದು ಸ್ಪಷ್ಟವಾಗಿ ಅನಿಸಿದರೆ ಮತ್ತೆ ಜಾಯಿಂಟ್ ಸಡಿಲಿಸುವ ಪರೀಕ್ಷೆಯಿಂದಲೇ ಶುರುಮಾಡಿ.